ಬಿಟ್ಟ ಸಾಲಿನ ಲಾವಕ್ಕಿಗಳು

ಎರೆಮಟ್ಟಿ ಬಯಲು,
ಮೂರನೆಯ ಹುಲ್ಲುಕಾಲ, ಅರವತ್ತೆರಡನೆಯ ಸುಗ್ಗಿ,
ಬಾಯಿ ತೆರೆಯುವ ಹಬ್ಬದ ಹಿಂದಿನ ದಿನ.
ನಿಮ್ಮ ಲೆಕ್ಕದಲ್ಲಿ ಎರಡು ಸಾವಿರದ ಇನ್ನೂರ ಎಪ್ಪತ್ತು ದಾಟಿರಬೇಕು. ಸರಿಯಾಗಿ ಹೇಳಬಲ್ಲವರು ನಮ್ಮಲ್ಲಿ ಯಾರೂ ಉಳಿದಿಲ್ಲ.

ಪೂಜ್ಯ ಯಮನಪ್ಪಜ್ಜನವರಿಗೆ, ನಿಮ್ಮ ಮರಿಮಕ್ಕಳ ಮರಿಮಕ್ಕಳ ಸಾಲಿನಲ್ಲಿ ಎಲ್ಲೋ ಒಂದು ಕಡೆ ಹುಟ್ಟಿದ ಫಕೀರವ್ವ ಮಾಡುವ ನಮಸ್ಕಾರಗಳು.

ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಧ್ವನಿಗಳನ್ನು ಕೇಳಿ ಕಲಿತವಳು. ನಿಮ್ಮ ಬಾಯಲ್ಲಿ ಓಡಾಡುತ್ತಿದ್ದ ಎಷ್ಟೋ ಮಾತುಗಳು ನಮ್ಮಲ್ಲಿ ಸತ್ತಿವೆ, ನಮ್ಮಲ್ಲಿ ಹುಟ್ಟಿದ ಎಷ್ಟೋ ಮಾತುಗಳು ನಿಮಗೆ ತಿಳಿಯುವ ದಾರಿಯಿಲ್ಲ. ಅಂಥ ಮಾತು ಬಂದಲ್ಲೆಲ್ಲ ನಿಂತು ಬಿಡಿಸಿ ಹೇಳುತ್ತೇನೆ. ಮೊದಲನೆಯದು ಈ ಬರಹದ ಹೆಸರೇ. ಇದನ್ನು ನಾವು ಹಿಂದೋಲೆ ಎನ್ನುತ್ತೇವೆ, ಅಂದರೆ ಹಿಂದಕ್ಕೆ ಬರೆಯುವ ಓಲೆ. ನಾಯಿ ಸಾಕುವ ಪ್ರತಿ ಮನೆಯವರೂ ವರ್ಷಕ್ಕೊಮ್ಮೆ, ಬೇಟೆ ಶುರುವಾಗುವ ಮುನ್ನಾದಿನ, ಹಿಂದಿನ ಕಾಲದ ಒಬ್ಬ ಹಿರಿಯರಿಗೆ ಒಂದು ಹಿಂದೋಲೆ ಬರೆದು ಹುಲ್ಲಿನ ಬುಡದಲ್ಲಿ ಹೂಳಬೇಕು. ಅದರಲ್ಲಿ ಬರೆಯುವುದು ಏನೆಂದರೆ, ಹೇಳಲು ನಾಚಿಕೆ, ಬೈಗುಳ. ಈ ಬಯಲನ್ನು ಬರಿದು ಮಾಡಿ ನಮ್ಮ ಕೈಗೆ ಕೊಟ್ಟವರು ನೀವು ಎಂದು ನೆನಪಿಸಿ ಉಗಿಯುವುದು. ನಿಮಗೆ ಬೈಯುವುದೇ ನಮ್ಮ ಹಬ್ಬದ ಮೊದಲ ತಿಂಡಿ. ಚಿಕ್ಕವಳಿದ್ದಾಗ ನಾನು ಇದರಲ್ಲಿ ಎಲ್ಲರಿಗಿಂತ ಮುಂದೆ. ನೀವು ಮುಂದಿನ ಜನ್ಮದಲ್ಲಿ ಲಾವಕ್ಕಿಯಾಗಿ ಹುಟ್ಟಿ ನನ್ನ ಬಲೆಗೇ ಬೀಳಬೇಕು ಎಂದು ಬರೆದು ಊರಿನವರಿಂದ ಬೆಲ್ಲ ಗಿಟ್ಟಿಸಿಕೊಂಡಿದ್ದೆ.

ನಿಮ್ಮನ್ನೇ ಆರಿಸಿ ಬೈಯಲು ಕಾರಣ ನಿಮ್ಮ ಫೋಟೋ. ಅದನ್ನು ಯಾರೋ ಪುಣ್ಯಾತ್ಮರು ಕಪ್ಪು ಕಲ್ಲಿಗೆ ಇಳಿಸಿ ಬೇಟೆಮನೆಯ ಗೋಡೆಗೆ ಕೂರಿಸಿದ್ದಾರೆ. ಬೇಟೆಮನೆ ಎಂದರೆ ನಾವೆಲ್ಲ ಸೇರಿ ಬಯಲಿನ ವಿಷಯ ಮಾತಾಡುವ ಜಾಗ. ಕಲ್ಲಿನಲ್ಲಿ ನೀವು ಬೈಕಿನ ಮೇಲೆ ಒಂದು ಕಾಲು ನೆಲಕ್ಕೂರಿ ಕೂತಿದ್ದೀರಿ. ಹ್ಯಾಂಡಲ್ಲಿನ ಎರಡೂ ಕಡೆ ಲಾವಕ್ಕಿಗಳನ್ನು ಕಾಲು ಕಟ್ಟಿ ಗೊಂಚಲಾಗಿ ನೇತುಹಾಕಿದ್ದೀರಿ. ಹಿಂದಿನ ಸೀಟಿನ ಮೇಲೆ ಬಲೆ, ಪಕ್ಕದಲ್ಲಿ ತೆಳ್ಳನೆಯ ಬೇಟೆನಾಯಿ. ನಿಮ್ಮ ಸರ್ಕಾರ ಬೇಡ ಅಂದಿತ್ತಂತೆ, ನಿಮ್ಮ ನಾಲಿಗೆ ಬೇಕು ಅಂದಿತ್ತು. ಗೆದ್ದದ್ದು ಯಾವುದು ಎಂಬುದು ಹ್ಯಾಂಡಲ್ಲಿನಲ್ಲೇ ಕಾಣುತ್ತದೆ. ನೀವು ನಗುತ್ತಿದ್ದೀರಿ, ಅದೇ ನಮಗೆ ತಡೆಯಲಾಗದ ಸಂಗತಿಯಾಗಿತ್ತು. ಇಷ್ಟು ಹಕ್ಕಿ ಕೊಂದು ಹೇಗೆ ನಗುತ್ತಾನೆ ಮುದುಕ ಎಂದು ತಲೆತಲಾಂತರದಿಂದ ಬೈದಿದ್ದೇವೆ. ಆಗ ನಿಮಗೆ ಇನ್ನೂ ಮೀಸೆ ಹಣ್ಣಾಗಿರಲಿಲ್ಲ ಎಂಬುದು ಬೇರೆ ಮಾತು.

ನಿಮ್ಮ ನಂತರ ಏನಾಯಿತೆಂದು ಚಿಕ್ಕದಾಗಿ ಹೇಳುತ್ತೇನೆ. ಎರಡು ತಲೆಮಾರು ಈ ಬಯಲಲ್ಲಿ ಲಾವಕ್ಕಿಯ ದನಿ ಕೇಳಲಿಲ್ಲ. ಹುಲ್ಲು ಉತ್ತು ಹೋಗಿತ್ತು, ಬದುಗಳು ಬೋಳಾಗಿದ್ದವು, ಉಳಿದ ಜಾಗದಲ್ಲಿ ಬಿಸಿಲುಹಲಗೆಗಳು, ಅಂದರೆ ಬಿಸಿಲು ಕುಡಿದು ಕರೆಂಟು ಕೊಡುವ ಫಲಕಗಳು, ದಿಗಂತದವರೆಗೆ ಮಲಗಿದ್ದವು. ಆಮೇಲೆ ಜನರಿಗೆ ಬುದ್ಧಿ ಬಂತು ಎನ್ನುತ್ತಾರೆ; ನನ್ನ ಸೋದರಮಾವ ದುರಗಪ್ಪ ಹೇಳುವಂತೆ ಬುದ್ಧಿ ಬರಲಿಲ್ಲ, ಆಸೆ ಬಂತು. ಯಾರೋ ಒಬ್ಬಳು ಹಲಗೆಗಳ ಸಂದಿನ ಹುಲ್ಲಲ್ಲಿ ಲಾವಕ್ಕಿ ಕೂಗಿದ್ದು ಕೇಳಿದಳಂತೆ. ಎಲ್ಲಿ ಉಳಿದಿದ್ದವೋ, ಹೇಗೆ ಬಂದವೋ ತಿಳಿಯದು. ಅವತ್ತು ಊರು ಒಂದು ಮಾತಿಗೆ ಬಂತು: ಹಲಗೆ ಕಿತ್ತು ಹುಲ್ಲು ಬಿಡೋಣ, ಹಕ್ಕಿ ಹೆಚ್ಚಿದ ಮೇಲೆ ಕಾಯ್ದ ಮನೆಗಳಿಗೆ ವರ್ಷಕ್ಕೆ ಒಂದು ದಿನ ಬೇಟೆಯ ಪಾಲು. ತಿನ್ನುವ ಆಸೆ ಇದ್ದವನೇ ಚೆನ್ನಾಗಿ ಕಾಯುತ್ತಾನೆ ಎಂಬುದು ಅವರ ಲೆಕ್ಕ. ಲೆಕ್ಕ ಬಹಳ ಕಾಲ ಸರಿಯಾಗಿಯೇ ಇತ್ತು. ನಮ್ಮ ಹುಲ್ಲನ್ನು ಬೆಂಕಿಯಿಂದ, ದನದಿಂದ, ಹಲಗೆಯವರಿಂದ ಉಳಿಸಿದ್ದು ಬೇಟೆಯ ಪಾಲಿನ ಮನೆಗಳೇ. ಹಲಗೆಯವರು ಈಗಲೂ ಬಯಲಿನ ಅಂಚಿನಲ್ಲಿ ಕಾಯುತ್ತಿದ್ದಾರೆ, ನಾವು ಬೇಸತ್ತು ಬಿಟ್ಟುಕೊಡುವುದನ್ನೇ ನೋಡುತ್ತ.

ವರ್ಷದ ಉಳಿದ ದಿನಗಳೆಲ್ಲ ನಮಗೆ ಬಾಯಿಕಟ್ಟು, ಅಂದರೆ ಹಕ್ಕಿ ತಿನ್ನುವಂತಿಲ್ಲ. ಸುಗ್ಗಿ ಮುಗಿದು ಜೋಳದ ಹೊಲಗಳು ಬಯಲಾದ ಮೇಲೆ ಬಾಯಿ ತೆರೆಯುವ ಹಬ್ಬ. ಅವತ್ತಿನ ಅಡುಗೆಯ ಬಗ್ಗೆ ಬರೆಯದಿದ್ದರೆ ನಾನು ಸುಳ್ಳುಗಾರ್ತಿ ಆಗುತ್ತೇನೆ. ಲಾವಕ್ಕಿಗೆ ಉಪ್ಪು, ಖಾರ, ಹುರಿದ ಎಳ್ಳಿನ ಪುಡಿ ಸವರಿ ತೊಗರಿಕಟ್ಟಿಗೆಯ ಕೆಂಡದ ಮೇಲೆ ಇಡುತ್ತೇವೆ. ಬಿಸಿ ಜೋಳದ ರೊಟ್ಟಿ, ಅಗಸಿ ಚಟ್ನಿ, ಹಸಿ ಉಳ್ಳಾಗಡ್ಡಿ. ಎಲುಬು ಎಷ್ಟು ಸಣ್ಣವೆಂದರೆ ಹಲ್ಲಿನಡಿ ಪುಟಾಣಿ ಕಡಲೆಯ ಹಾಗೆ ಮುರಿಯುತ್ತವೆ. ನನಗೆ ಅದು ತುಂಬ ಇಷ್ಟ ಅಜ್ಜಾ. ಇದನ್ನು ಬರೆಯುವಾಗಲೂ ಬಾಯಲ್ಲಿ ನೀರು ಬರುತ್ತಿದೆ, ಮನಸ್ಸಿಗೆ ಮುಜುಗರವಾಗುತ್ತಿದೆ, ಎರಡೂ ಒಟ್ಟಿಗೇ.

ಬೇಟೆಗೆ ನಮ್ಮ ನಾಯಿ ನಿಮ್ಮದರಂತೆ ಅಟ್ಟಿಸಿಕೊಂಡು ಓಡುವುದಿಲ್ಲ. ನಿಮ್ಮ ತೆಳ್ಳನೆಯ ನಾಯಿಗೆ ಮೂಗಿನ ಜಾತಿಯ ನಾಯಿ ಬೆರೆಸಿ ಬೆಳೆಸಿದ ತಳಿ ಇದು, ನಿಲುನಾಯಿ ಎನ್ನುತ್ತೇವೆ. ಗಾಳಿಯಲ್ಲಿ ಹಕ್ಕಿಯ ವಾಸನೆ ಸಿಕ್ಕರೆ ಒಂದು ಮುಂಗಾಲು ಎತ್ತಿ ನಿಂತುಬಿಡುತ್ತದೆ. ನಾವು ಹೇಳುವವರೆಗೆ ಮುಂದೆ ಹೋಗುವುದಿಲ್ಲ. ಹೇಳಿದ ಮೇಲೆ ನುಗ್ಗುತ್ತದೆ, ಹಕ್ಕಿ ಏಳುತ್ತದೆ, ಉದ್ದ ಕೋಲಿನ ಬೀಸುಬಲೆ ಹಾಕುತ್ತೇವೆ. ಹಬ್ಬಕ್ಕೆ ಮುಂಚೆ ಒಬ್ಬರು ನಾಯಿ ಕರೆದುಕೊಂಡು ಇಡೀ ಬಯಲು ನಡೆಯುತ್ತಾರೆ. ನಾಯಿ ನಿಂತಲ್ಲೆಲ್ಲ ಒಂದು ಬಿಳಿ ಬಾವುಟ ಚುಚ್ಚುತ್ತಾರೆ. ಬಾವುಟ ದಟ್ಟವಾಗಿದ್ದರೆ ಬಯಲು ತುಂಬಿದೆ ಎಂದು ಹೇಳಿ ಬೇಟೆ ತೆರೆಯುತ್ತಾರೆ, ತೆಳುವಾಗಿದ್ದರೆ ಬಯಲು ಬರಿದು ಎಂದು ಹೇಳಿ ಮುಚ್ಚುತ್ತಾರೆ. ಈ ಮಾತು ಹೇಳುವವರನ್ನು ಬಯಲುಗಾರರು ಎನ್ನುತ್ತೇವೆ. ಈ ವರ್ಷದ ಬಯಲುಗಾರ್ತಿ ನಾನು. ನನ್ನ ನಾಯಿಯ ಹೆಸರು ಜೀರಿ. ಬಿಳಿ ಮೈ ಮೇಲೆ ಜೀರಿಗೆ ಚೆಲ್ಲಿದಂತೆ ಚುಕ್ಕೆಗಳಿವೆ. ಅದನ್ನು ಕೊಟ್ಟವನೂ ಕಲಿಸಿದವನೂ ದುರಗಪ್ಪ ಮಾವನೇ.

ನಮ್ಮಲ್ಲಿ ಎರಡು ಕಟ್ಟಳೆಗಳಿವೆ, ಎರಡರ ಬಗ್ಗೆಯೂ ನಮಗೆ ಬಹಳ ಹೆಮ್ಮೆ. ಕೂತ ಹಕ್ಕಿಗೆ ಬಲೆ ಹಾಕಬಾರದು, ಹಾರಿದ್ದಕ್ಕೆ ಮಾತ್ರ. ಕೂತದ್ದು ತಾಯಿಯಿರಬಹುದು, ರೋಗದ್ದಿರಬಹುದು. ಇದು ಒಂದನೆಯದು. ಇನ್ನೊಂದು, ಒಂದಕ್ಕೆರಡು. ಒಂದು ಹಕ್ಕಿ ತಿಂದ ಮನೆ ಮುಂದಿನ ಸುಗ್ಗಿಯಲ್ಲಿ, ಹಬ್ಬಕ್ಕೆ ಮುಂಚೆ, ಎರಡು ಗೂಡುಹಕ್ಕಿ ಬಯಲಿಗೆ ಬಿಡಬೇಕು. ಗೂಡುಹಕ್ಕಿ ಎಂದರೆ ನೀವು ಮೊಟ್ಟೆಗೆಂದು ಸಾಕುತ್ತಿದ್ದ ಫಾರಂ ಲಾವಕ್ಕಿಯ ಸಂತಾನ. ಹೆಂಗಸರು ಅವಕ್ಕೆ ಅರಿಸಿನ ಹಚ್ಚಿ, ಉಡಿಯಲ್ಲಿ ಕಟ್ಟಿಕೊಂಡು ಹೋಗಿ, ಹೋಗಿ ಬನ್ನಿರವ್ವಾ ಎಂದು ಹುಲ್ಲಿಗೆ ಬಿಡುತ್ತಾರೆ. ನನ್ನ ಅವ್ವ ಬಿಡುವಾಗ ಪ್ರತಿ ಸಲವೂ ಕಣ್ಣೊರೆಸಿಕೊಳ್ಳುತ್ತಿದ್ದಳು. ತಿಂದ ಪಾಪ ಅಲ್ಲಿಗೆ ತೊಳೆದುಹೋಯಿತು ಎಂದು ಮನೆಗೆ ಬಂದು ಕೈಕಾಲು ತೊಳೆದು ನೆಮ್ಮದಿಯಿಂದ ಮಲಗುತ್ತಿದ್ದೆವು.

ಈಗ ಕೇಳಿ. ಗೂಡುಹಕ್ಕಿ ಹಾರುವುದಿಲ್ಲ. ನಾಯಿ ಬಂದರೆ ಹುಲ್ಲಿಗೆ ಹೊಟ್ಟೆ ಒತ್ತಿ ಕೂರುತ್ತದೆ, ಹೆಚ್ಚೆಂದರೆ ನಾಲ್ಕು ಹೆಜ್ಜೆ ಓಡುತ್ತದೆ. ಮೊಟ್ಟೆಯನ್ನು ಎಲ್ಲೆಂದರಲ್ಲಿ ಉದುರಿಸುತ್ತದೆ, ಕಾವು ಕೂರುವುದನ್ನು ಅದರ ಕುಲವೇ ಮರೆತಿದೆ. ಮುಂದಿನ ಮಳೆಯ ಹೊತ್ತಿಗೆ ನರಿ, ಮುಂಗುಸಿ, ಗಿಡುಗ ಸೇರಿ ಪೂರೈಸಿರುತ್ತವೆ. ಆದರೆ ನಾವು ನಾಯಿಮರಿಗಳಿಗೆ ಕಲಿಸುವುದು ಗೂಡುಹಕ್ಕಿಯ ಮೇಲೆ. ಹಾಗಾಗಿ ಅವು ಗೂಡುಹಕ್ಕಿಗೂ ನಿಲ್ಲುತ್ತವೆ, ಬಾವುಟ ಬೀಳುತ್ತದೆ, ಬಯಲು ತುಂಬಿದೆ ಎನ್ನುತ್ತೇವೆ. ಹಬ್ಬದ ದಿನ ಕೂತದ್ದನ್ನು ಬಿಟ್ಟು ಹಾರಿದ್ದನ್ನು ಹಿಡಿಯುತ್ತೇವೆ. ಹಾರುವುದು ಕಾಡು ಲಾವಕ್ಕಿ ಮಾತ್ರ. ಅದಕ್ಕೆ ಬದಲಾಗಿ ಮತ್ತೆರಡು ಗೂಡುಹಕ್ಕಿ ಬಿಟ್ಟು ಮುಂದಿನ ವರ್ಷದ ಬಾವುಟಗಳನ್ನು ಇನ್ನಷ್ಟು ದಟ್ಟ ಮಾಡುತ್ತೇವೆ. ಒಂದೊಂದು ಕಟ್ಟಳೆಯೂ ಧರ್ಮದ್ದೇ. ಎರಡೂ ಸೇರಿ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಯಾವ ದುರಾಸೆಯವನಿಗೂ ಇಷ್ಟು ಚೊಕ್ಕಟವಾಗಿ ಬಯಲು ಬಳಿಯಲು ಬರುತ್ತಿರಲಿಲ್ಲ.

ಇದು ನನಗೆ ತಿಳಿದದ್ದು ಜೀರಿಯ ಬಾಲದಿಂದ. ಗೂಡುಹಕ್ಕಿಯ ಮುಂದೆ ನಿಂತಾಗ ನಾಯಿಯ ಬಾಲ ಅಲ್ಲಾಡುತ್ತದೆ, ಮನೆಯ ಪರಿಚಯದ ವಾಸನೆಯಲ್ಲವೇ. ನಮ್ಮ ಜನ ಅದನ್ನು ನಗುಬಾಲ ಎಂದು ಕರೆದು, ಸಂತೋಷದ ನಾಯಿ ಎಂದು ಮೆಚ್ಚಿ, ಅಂಥದ್ದರ ಮರಿಗೇ ಮುಗಿಬೀಳುತ್ತಾರೆ. ಜೀರಿ ಮಾತ್ರ ಚಿಕ್ಕಂದಿನಲ್ಲಿ ತಾಯಿಯ ಹಿಂದೆ ಬಯಲು ಅಲೆದು ಬೆಳೆದದ್ದು. ಕಾಡು ಲಾವಕ್ಕಿಯ ಮುಂದೆ ಅದರ ಬಾಲ ಕಡ್ಡಿಯಂತೆ ನೆಟ್ಟಗಾಗುತ್ತದೆ, ಉಸಿರೂ ನಿಂತಂತಿರುತ್ತದೆ. ಮಾವ ಅದನ್ನು ಹಳೇ ನಿಲುವು ಎನ್ನುತ್ತಾನೆ. ಈ ವರ್ಷ ಬಯಲು ನಡೆದೆವು. ಜೀರಿ ಎಲ್ಲ ಕಡೆ ನಿಂತಿತು, ಎಲ್ಲ ಕಡೆ ಬಾಲ ಅಲ್ಲಾಡಿಸಿತು. ಹಿಂದೆ ಬರುತ್ತಿದ್ದವರು ಬಾವುಟ ಚುಚ್ಚುತ್ತ, ಈ ಸಲ ಹಬ್ಬ ಜೋರೈತಿ ಎಂದು ಹಾಡು ಹೇಳುತ್ತಿದ್ದರು. ಮೊದಮೊದಲು ನಾನೂ ದನಿಗೂಡಿಸಿದೆ. ಬಯಲಿನ ನಡುವೆ ಬಂದಾಗ ಹಾಡು ನಿಲ್ಲಿಸಿ ಕಿವಿಗೊಟ್ಟೆ. ಎಲ್ಲೂ ಒಂದು ಹಕ್ಕಿ ಕೂಗಿರಲಿಲ್ಲ, ಎಲ್ಲೂ ಒಂದು ಹಕ್ಕಿ ಎದ್ದಿರಲಿಲ್ಲ.

ಕೊನೆಗೆ ಮಾವನ ಹೊಲ ಬಂತು. ಕೊಯ್ಲಿನಲ್ಲಿ ಅಂಚಿನ ಕೆಲವು ಸಾಲು ಜೋಳವನ್ನು ಹಕ್ಕಿಗೆಂದು ಕೊಯ್ಯದೆ ಬಿಡುವುದು ನಮ್ಮ ರೂಢಿ, ಬಿಟ್ಟ ಸಾಲು ಎನ್ನುತ್ತೇವೆ. ಬಹಳ ಮಂದಿ ಈಗ ಹೆಸರಿಗೆ ಒಂದೆರಡು ದಂಟು ಬಿಡುತ್ತಾರೆ. ಮಾವ ಹೆಂಡತಿಯಿಂದ ಬೈಸಿಕೊಂಡೂ ದಂಡಿಯಾಗಿ ಬಿಡುತ್ತಾನೆ. ಆ ಸಾಲಿನ ತುದಿಯಲ್ಲಿ ಜೀರಿ ನಿಂತಿತು. ಕಾಲೆತ್ತಿತು. ಬಾಲ ನೆಟ್ಟಗಾಯಿತು. ಒಳಗಿನಿಂದ ಕಾಳಿನಷ್ಟು ಸಣ್ಣ ದನಿ ಬಂತು, ನೀವು ಚೆನ್ನಾಗಿ ಬಲ್ಲ ಆ ಕೂಗು.

ಆಗ ನಾನು ಮಾಡಿದ್ದನ್ನು ಯಾವ ಬಯಲುಗಾರರೂ ಮಾಡಿಲ್ಲ. ನಿಂತ ನಾಯಿಯನ್ನು ಕರೆಯಬಾರದು ಎಂಬುದು ಮರಿಗೆ ಹಾಲು ಬಿಡಿಸುವ ಮೊದಲೇ ನಮಗೆ ಕಲಿಸುವ ಪಾಠ. ಖರೆ ಹೇಳಿದ್ದಕ್ಕೆ ಬೆಲೆ ಇಲ್ಲ ಎಂದು ಒಮ್ಮೆ ತಿಳಿದರೆ ನಾಯಿ ಮುಂದೆ ಸುಳ್ಳು ನಿಲ್ಲಲು ಕಲಿಯುತ್ತದೆ. ನಾನು ಜೀರಿಯನ್ನು ಕರೆದೆ. ಅದು ಬರಲಿಲ್ಲ. ಕೊರಳಪಟ್ಟಿ ಹಿಡಿದು ಎಳೆದೆ. ಬೆನ್ನ ಹಿಂದೆಯೇ ಇದ್ದ ಮಾವ, “ಯಾಕ್ ಎಳದಿ ಅದನ್ನ? ಚಂದಂಗ ನಿಂತಿತ್ತಲ್ಲ,” ಎಂದ. “ಏನೂ ಇಲ್ಲ ಮಾವ, ಸುಳ್ಳ ನಿಂತೈತಿ, ನಡೀರಿ,” ಎಂದೆ. ಮಾವ ನನ್ನ ಮುಖ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ, ನಾನು ಸೆರಗಿನಿಂದ ಮುಖವನ್ನೇ ಒರೆಸಿಕೊಂಡೆ. ಅಲ್ಲಿ ಬಾವುಟ ಬೀಳಲಿಲ್ಲ.

ಮಾವನಿಗೇಕೆ ಸುಳ್ಳು ಹೇಳಿದೆ ಎಂದರೆ, ಅವನ ಅಂಗಳದಲ್ಲಿ ಮರಿಗಳಿವೆ. ಹಳೇ ನಿಲುವಿನ ರಕ್ತದ ಕೊನೆಯ ಸೂಲು ಅದು, ತಾಯಿನಾಯಿ ಮುದಿಯಾಗಿದೆ. ಮೊದಲ ಹಬ್ಬದಲ್ಲಿ ಒಂದು ಕಾಡು ಲಾವಕ್ಕಿಯನ್ನು ಬಾಯಲ್ಲಿ ಹಿಡಿದು ತಂದು ಕೊಡದ ಮರಿಯಿಂದ ಮುಂದೆ ತಳಿ ತೆಗೆಯುವಂತಿಲ್ಲ, ಅದು ಬೇಟೆಮನೆಯ ಕಟ್ಟು. ನಾನು ನಾಳೆ ಬರಿದು ಎಂದರೆ ಬಯಲು ಏಳು ಮಳೆಗಾಲ ಮುಚ್ಚುತ್ತದೆ. ಅಷ್ಟರಲ್ಲಿ ಈ ಮರಿಗಳು ಮುದಿಯಾಗುತ್ತವೆ. ಮಾವ ಜೀವಮಾನವಿಡೀ ಕಾಪಾಡಿದ ಮೂಗು ಅವುಗಳೊಂದಿಗೆ ಮಣ್ಣಾಗುತ್ತದೆ. ಅವನ ಆಸೆಯ ಮುಂದೆ ಆ ಬಿಟ್ಟ ಸಾಲಿನ ಪುಟ್ಟ ಹಿಂಡು ನಿಲ್ಲಲಾರದು ಎಂದು ನಾನು ಹೆದರಿದೆ. ನನಗೆ ನಡೆಯಲು ಕಲಿಸಿದವನನ್ನೇ ಕಳ್ಳನೆಂದು ಎಣಿಸಿದೆ. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತಿದೆ.

ಜೀರಿ ಅವತ್ತಿನಿಂದ ನನಗೆ ಬೆನ್ನು ಮಾಡಿ ಮಲಗುತ್ತದೆ. ರೊಟ್ಟಿ ಹಾಕಿದರೆ ನಾನು ಒಳಗೆ ಹೋದ ಮೇಲೆ ತಿನ್ನುತ್ತದೆ. ಇವತ್ತು ಬೆಳಿಗ್ಗೆ ನಾನು ಈ ಹಿಂದೋಲೆಗೆ ಕೂತೆ, ರೂಢಿಯಂತೆ ನಿಮಗೆ ಬೈಯಲು. ಒಂದು ಸಾಲೂ ಹೊರಡಲಿಲ್ಲ. ಕಟ್ಟೆಯ ಮೇಲೆ ಪೆದ್ದಿಯಂತೆ ಕೂತಿದ್ದಾಗ ಮಾವ ಬಂದ. ಮೊಣಕಾಲು ನೋವಿಗೆ ಒಂದೊಂದು ಮೆಟ್ಟಿಲಿಗೂ ನಿಂತು ಏರಿ ಬಂದು, ನನ್ನ ಬಳಿ ಕೂರದೆ ಜೀರಿಯ ಬಳಿ ಕೂತ. ಜೇಬಿನಿಂದ ಕಟಕು ರೊಟ್ಟಿ ತೆಗೆದು ಮುರಿದು ಅದಕ್ಕೆ ತಿನ್ನಿಸಿದ. ಆಮೇಲೆ ಹೇಳಿದ: “ಮಂದಿಗೆ ಏನರ ಹೇಳಕೋ ಫಕೀರವ್ವ, ನಾಯಿಗೆ ಸುಳ್ಳ ಹೇಳಬ್ಯಾಡ. ಅದು ಖರೇ ಹೇಳಿತ್ತು. ನೀ ಅದನ್ನ ಸುಳ್ಳ ಮಾಡಿದಿ.”

ಅವನಿಗೆ ಎಲ್ಲ ಗೊತ್ತಿತ್ತು ಅಜ್ಜಾ. ಮಳೆಗಾಲದಿಂದಲೂ ಆ ಹಿಂಡಿನ ಕೂಗು ಕೇಳುತ್ತಿದ್ದನಂತೆ. ಮರಿಗಳು ಆ ಕಡೆ ಮೂಗು ಎತ್ತಿದಾಗಲೆಲ್ಲ ತನ್ನ ಎದೆಯೂ ಎದ್ದು ಕೂರುತ್ತಿತ್ತಂತೆ. ಅದಕ್ಕೇ ಸುಗ್ಗಿಯಲ್ಲಿ ಇನ್ನೂ ಎರಡು ಸಾಲು ಹೆಚ್ಚಿಗೆ ಬಿಟ್ಟು, ಮರಿಗಳನ್ನು ಅಂಗಳದಲ್ಲಿ ಕಟ್ಟಿಹಾಕಿ ಕೂತಿದ್ದ. ಮರಿಗಳ ಗತಿ ಏನು ಎಂದು ಕೇಳಿದೆ. “ಏನ್ ಗತಿ? ರೊಟ್ಟಿ ತಿಂತಾವು, ಮನಿ ಕಾಯ್ತಾವು. ನಾ ಬ್ಯಾರೇ ಏನ್ ಮಾಡಾಕತ್ತೀನಿ?” ಎಂದು ನಕ್ಕ. ನಗುವಾಗ ಅವನ ಕೈ ಜೀರಿಯ ಕಿವಿಯನ್ನು ಮಡಚುತ್ತ ಬಿಡಿಸುತ್ತ ಇತ್ತು, ನಿಲ್ಲಲೇ ಇಲ್ಲ. ನನಗೆ ಅಳು ಬಂತು. ಅತ್ತುಬಿಟ್ಟೆ. ಅವನು ತಡೆಯಲಿಲ್ಲ.

ಹಬ್ಬದ ಬಗ್ಗೆ ಅವನು ಹೇಳಿದ್ದನ್ನೇ ನಾನು ಮಾಡಬೇಕೆಂದಿದ್ದೇನೆ. ನಾಳೆ ಊರಿನವರೆಲ್ಲ ಬಲೆ ಹಿಡಿದು ಬಂದಾಗ ಮೊದಲು ಅವರನ್ನು ಒಂದು ಬಾವುಟದ ಬಳಿ ಕರೆದೊಯ್ಯುತ್ತೇನೆ. ಜೀರಿ ನಿಲ್ಲುತ್ತದೆ, ಬಾಲ ಅಲ್ಲಾಡುತ್ತದೆ, ಹುಲ್ಲು ಸರಿಸಿ ಅರಿಸಿನದ ಹಕ್ಕಿಯನ್ನು ಎತ್ತಿ ತೋರಿಸುತ್ತೇನೆ. ಆಮೇಲೆ ಬಿಟ್ಟ ಸಾಲಿಗೆ ಕರೆದೊಯ್ಯುತ್ತೇನೆ. ಈ ಸಲ ಜೀರಿಯನ್ನು ಕರೆಯುವುದಿಲ್ಲ. ಅದು ಪೂರಾ ನಿಲ್ಲಲಿ, ಹಕ್ಕಿ ಏಳಲಿ, ಎಲ್ಲರೂ ನೋಡಲಿ, ತುಂಬಿದ ಬಯಲಲ್ಲಿ ಇರುವುದು ಇಷ್ಟೇ ಎಂದು. ಆಗ ಬರಿದು ಎನ್ನುತ್ತೇನೆ. ಅವ್ವನ ಉಡಿಯ ಪುಣ್ಯವೂ ಸುಳ್ಳು ಎಂದು ಎಲ್ಲರ ಮುಂದೆ ಹೇಳಬೇಕಾಗುತ್ತದೆ, ಅವಳ ಮುಖ ಹೇಗೆ ನೋಡಲಿ ತಿಳಿಯದು. ಬೇಟೆ ಇಲ್ಲದ ವರ್ಷಗಳಲ್ಲಿ ಎಷ್ಟು ಮನೆಗಳು ಹುಲ್ಲು ಕಾಯುತ್ತವೆ, ಎಷ್ಟು ಮನೆಗಳು ಹಲಗೆಯವರಿಗೆ ಬಾಗಿಲು ತೆಗೆಯುತ್ತವೆ, ಅದೂ ತಿಳಿಯದು. ಇನ್ನೂ ದೊಡ್ಡ ಭಯ ಬೇರೆ ಇದೆ. ವರ್ಷವಿಡೀ ಬಾಯಿ ಕಟ್ಟಿ ಕಾದವರ ಕೈಯಲ್ಲಿ ಬಲೆ ಇರುತ್ತದೆ, ಕಣ್ಣ ಮುಂದೆ ಹಾರುವ ಹಕ್ಕಿ ಇರುತ್ತದೆ. ಮಾತು ಕಿವಿಗೆ ಮುಟ್ಟುವ ಮೊದಲೇ ಕೈ ಬೀಸಿಬಿಡಬಹುದು. ಮಾವ ಮುಂದೆ ನಿಲ್ಲುತ್ತೇನೆ ಎಂದಿದ್ದಾನೆ. ಮೊಣಕಾಲು ಬಾಗದ ಮುದುಕ ಎಷ್ಟು ಬಲೆಗೆ ಅಡ್ಡ ನಿಂತಾನು.

ಮಾವ ಹೋದ ಮೇಲೆ ಬೇಟೆಮನೆಗೆ ಹೋಗಿ ನಿಮ್ಮ ಕಲ್ಲಿನ ಮುಂದೆ ಕೂತೆ. ನಿಮಗೆ ಬೈಯುವ ಬಾಯಿ ನನಗಿನ್ನು ಇಲ್ಲ. ಗೊಂಚಲು ಕಟ್ಟಿ ತೋರಿಸಿದಿರಿ ಎಂಬುದೊಂದೇ ನಿಮ್ಮ ಹೆಚ್ಚುಗಾರಿಕೆ. ನಾವು ಅರಿಸಿನ ಹಚ್ಚಿ ಮುಚ್ಚಿದೆವು. ಸುಮ್ಮನೆ ನೋಡುತ್ತ ಕೂತಾಗ, ಇಷ್ಟು ವರ್ಷ ನಾವು ಯಾರೂ ನೋಡದ ಒಂದು ಸಂಗತಿ ಕಣ್ಣಿಗೆ ಬಿತ್ತು. ನಾವೆಲ್ಲ ನಿಮ್ಮ ನಗು ನೋಡಿದೆವು, ಹಕ್ಕಿಗಳ ಗೊಂಚಲು ನೋಡಿದೆವು. ನಿಮ್ಮ ನಾಯಿಯನ್ನು ನೋಡಿರಲಿಲ್ಲ. ಅದು ನಿಮ್ಮನ್ನಾಗಲಿ ಫೋಟೋ ತೆಗೆಯುವವರನ್ನಾಗಲಿ ನೋಡುತ್ತಿಲ್ಲ. ಹೊಲದ ಬದುವಿನ ಕಡೆ ಕತ್ತು ತಿರುಗಿಸಿದೆ. ಅಟ್ಟಿ ಓಡುವ ಜಾತಿಯದಾದರೂ ಒಂದು ಮುಂಗಾಲು ನೆಲದಿಂದ ಮೇಲೆ ಎದ್ದಿದೆ, ಬಾಲ ಕಡ್ಡಿಯಂತೆ ನೆಟ್ಟಗಿದೆ. ಆ ಬದುವಿನಲ್ಲಿ ಇನ್ನೂ ಒಂದು ಹಿಂಡು ಇತ್ತು ಅಜ್ಜಾ.

ಹಲಗೆಗಳ ಸಂದಿಯಲ್ಲಿ ಕೂಗಿದ ಹಕ್ಕಿ ಎಲ್ಲಿಂದ ಬಂತೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಯಾರೋ, ಎಲ್ಲೋ, ಒಂದು ಹಿಂಡನ್ನು ಬಿಟ್ಟಿರಲೇಬೇಕು. ಅದು ನೀವೇ ಆಗಿರಿ ಎಂದು ಬೇಡಿಕೊಳ್ಳಲು ಈ ಓಲೆ ಬರೆದೆ. ನಾಳೆ ನನ್ನ ಜನರ ಕೈ ತಡೆಯುತ್ತದೋ ಇಲ್ಲವೋ ನಾನು ಹೇಳಲಾರೆ. ನಿಮ್ಮ ಕೈಗೆ ಇನ್ನೂ ಹೊತ್ತಿದೆ. ಫೋಟೋ ತೆಗೆದಾಯಿತು, ನೀವು ನಕ್ಕದ್ದೂ ಆಯಿತು. ಈಗ ಬೈಕಿನಿಂದ ಇಳಿದು ನಾಯಿಯ ಪಕ್ಕ ಹೋಗಿ ನಿಲ್ಲಿ. ಅದನ್ನು ಕರೆಯಬೇಡಿ, ಎಳೆಯಬೇಡಿ, ಪೂರಾ ನಿಲ್ಲಲಿ. ಹಕ್ಕಿಗಳು ಏಳಲಿ. ಬಲೆ ಸೀಟಿನ ಮೇಲೆಯೇ ಇರಲಿ.

ನಿಮ್ಮನ್ನು ಬೈದ ಬಾಯಿಂದಲೇ ತಪ್ಪಾಯಿತು ಎನ್ನುವ,
ಫಕೀರವ್ವ
ಪಕ್ಕದಲ್ಲಿ ಇನ್ನೂ ಬೆನ್ನು ಮಾಡಿಯೇ ಮಲಗಿರುವ ಜೀರಿ